ಇಲಿಮನೆಗೆ ಆಯುಧಪೂಜೆ

ಸೆ. 29, ಸಂಜೆ

ಲ್ಯಾಬಿನ ಇಲಿಮನೆಗೆ ಹೋಗೋಕೆ ಮತ್ತೆ ಅದೇ... ಗೌನು, ಮಾಸ್ಕು, ಎರಡು ಜೊತೆ ಗ್ಲೌಸು. ನಂಜನಗೂಡಿನ ಸೆಕೆಗೆ ಬೆವರು ಕಿತ್ಕೊಂಡು ಬಂತು. ಏನ್ ಮಾಡೋದು, ಈ ಇಲಿಗಳಿಗೆ ಸ್ವಂತ ರೋಗನಿರೋಧಕ ಶಕ್ತಿ ಇಲ್ಲ. ಅವುಗಳ ಮೈಯೊಳಗೆ ಬೆಳೀತಿರೋದು ಮನುಷ್ಯರ ಜೀವಕೋಶ — ಬನ್ನೂರಿನ ಬಾಣಂತಿಯರು ಕೊಟ್ಟ ಹೊಕ್ಕುಳಬಳ್ಳಿ ರಕ್ತದ್ದು. ಹೊರಗಿನ ಧೂಳು ಸೋಕಿದ್ರೂ ಕಷ್ಟ. ಮುಂದಿನ ತಿಂಗಳು ಡೆಂಗಿ ಪ್ರಯೋಗ. ನನ್ನ ಪಿಎಚ್‌ಡಿ ಪೂರ್ತಿ ಈ ರೂಮಲ್ಲಿದೆ.

ಸೆ. 30

ನಾಳೆ ರಜ, ಅದಕ್ಕೆ ಇವತ್ತೇ ಆಯುಧಪೂಜೆ. ಫ್ರಿಜ್ಜಿಗೆ ವಿಭೂತಿ, ಮೈಕ್ರೋಸ್ಕೋಪಿಗೆ ಕುಂಕುಮ. ಇಟ್ಕೊಳ್ಳಲಿ. ಆದ್ರೆ ನಮ್ಮ ಲ್ಯಾಬಿನ ಮುಖ್ಯಸ್ಥರು ಶಂಕರನಾರಾಯಣ ಸಾರ್, ಚೆಂಡುಹೂವು, ಊದುಬತ್ತಿ ಹಿಡ್ಕೊಂಡು ಇಲಿಮನೆ ಬಾಗಿಲಿಗೇ ಬಂದ್ರು. ಅಡ್ಡ ನಿಂತೆ.

"ಒಳಗೆ ಹೂವು ಬೇಡ ಸಾರ್."

"ದೇವರ ಹೂವಿಂದ ಇನ್ಫೆಕ್ಷನ್ ಬರುತ್ತೇನಮ್ಮ? ನಿಮ್ಮ ಕಡೆಯೋರಿಗೆ ಇದೆಲ್ಲ ಗೊತ್ತಾಗಲ್ಲ, ಬಿಡು."

ನಮ್ಮ ಕಡೆಯೋರು! ಮೈಯೆಲ್ಲ ಉರಿದುಹೋಯ್ತು. ಗೌನೂ ಇಲ್ದೆ ನುಗ್ಗಿದ್ರು. "ಇವೂ ನಮ್ಮ ಆಯುಧವೇ ಅಲ್ವಾ" ಅಂತ ಪಂಜರ ತೆಗೆದು ತೆಗೆದು ಒಂದೊಂದಕ್ಕೂ ಹೂವಿನ ಎಸಳು ಉದುರಿಸಿದ್ರು. ಎಲ್ಲಾ ಆರಿಸಿ ತೆಗೆಯೋಷ್ಟ್ರಲ್ಲಿ ಸಾಕಾಯ್ತು.

ಅ. 13

ಇಲಿಗಳು ಮೈಕೂದಲು ನಿಮಿರಿಸ್ಕೊಂಡು ಮುದುಡಿ ಕೂತಿವೆ. ಅರ್ಧಕ್ಕರ್ಧ ಸತ್ತವು. ಕೊಯ್ದು ನೋಡಿದ್ರೆ ಶ್ವಾಸಕೋಶದ ತುಂಬ ಆ ಹೂವಿಂದ ಬಂದ ಬೂಷ್ಟು. ಬನ್ನೂರಿನ ರಾಚಮ್ಮ ರಕ್ತ ಕೊಡುವಾಗ ಕೇಳಿದ್ಳು, "ನಮ್ ಮಗೀನ್ ರಕ್ತನ ಇಲಿಗಾಕೀರಾ? ಆಕ್ರವ್ವ, ಇನ್ನೊಬ್ರ ಮಗ ಉಳ್ಕಂಡ್ರೆ ಸಾಕು." ಅವಳಿಗೆ ಏನಂತ ಹೇಳಲಿ? ಅಳು ಬಂತು. ಅಳೋದಕ್ಕಿಂತ ಸಿಟ್ಟೇ ಜಾಸ್ತಿ.

ಅ. 15

ಸಾರ್ ರಿಪೋರ್ಟ್ ಮಾಡಿಟ್ಟಿದಾರೆ — ಕವನ ಅವರ ನಿರ್ಲಕ್ಷ್ಯ, ಅಂತ ನನ್ನ ಹೆಸರಿಗೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!

"ಸೈನ್ ಮಾಡಮ್ಮ. ಹೊಸ ಇಲಿ ತರಿಸ್ಕೊಡ್ತೀನಿ. ಇಲ್ದಿದ್ರೆ ನಿನ್ನ ಪಿಎಚ್‌ಡಿ ಇಲ್ಲಿಗೇ ಮುಗೀತು."

ಥೂ. ಮಾಡಲ್ಲ.

ಅ. 17, ಮಧ್ಯಾಹ್ನ

ವಿಚಾರಣೆಗೆ ಕಮಿಟಿ ಬಂದಿದೆ. ಎಲ್ಲರೆದುರಿಗೇ ಹೇಳ್ದೆ, ಹೂವು ತಂದೋರು ಸಾರ್, ಬೇಡ ಅಂದೋಳು ನಾನು. ಸಾರ್ ನಕ್ಕರು. "ಇವರ ಮನೇಲಿ ದೇವರು ದಿಂಡರು ಇಲ್ಲ ಮೇಡಂ. ನಮ್ಮ ಪೂಜೆ ಕಂಡ್ರೆ ಆಗಲ್ಲ."

ಕಮಿಟಿ ಮೇಡಂ ನನ್ನ ಕಡೆ ತಿರುಗಿದ್ರು. "ಹೌದೇನಮ್ಮ?"

"ಕವಲಂದೇಲಿ ನಮ್ಮವ್ವನೂ ದಿನಾ ಹೂವಿಡ್ತಾರೆ ಮೇಡಂ, ಬುದ್ಧನ ಮುಂದೆ. ಇಲಿ ಪಂಜರದೊಳಗಲ್ಲ."

ಮೇಡಂ ಅದನ್ನ ಬರ್ಕೊಂಡ್ರು. ಸಾರ್ ಮುಖ ಕಪ್ಪಿಟ್ಟಿತು. ಊಟಕ್ಕೆ ಬಿಟ್ರು. ನಾನು ತಟ್ಟೆ ಪಕ್ಕಕ್ಕಿಟ್ಟು ಇದನ್ನ ಬರೀತಿದೀನಿ.

ಬಾಗಿಲ ಹತ್ರ ಸಾರ್ ಬಂದು ನಿಂತಿದಾರೆ. "ಒಳಗೆ ಹೋಗೋಕೆ ಮುಂಚೆ ಎರಡು ನಿಮಿಷ ಮಾತಾಡೋಣಮ್ಮ" ಅಂತ. ಇವತ್ತೇ ಮೊದಲು, ದನಿ ಇಷ್ಟು ಮೆತ್ತಗೆ. ಮಾತಾಡೋದಿದ್ರೆ ಎಲ್ಲರೆದುರಿಗೇ ಸಾರ್, ಅಂತ ಹೇಳಿ ಕಮಿಟಿ ಮುಂದೆ ಹೊರಟೆ.