ಜಿಪ್ ಕೋಡ್ ಹಿಡಿದು ಬಂದ ಸುದ್ದಿ

ನೇಪರ್‌ವಿಲ್, ಇಲಿನಾಯ್
ಸೆಪ್ಟೆಂಬರ್ 7, 2003

ಪ್ರೀತಿಯ ಕಾಮ್ರಾನ್‌ಗೆ ಶಾರದ ಆಂಟಿಯ ಆಶೀರ್ವಾದಗಳು.

ಕ್ಯಾಂಟನ್‌ನಲ್ಲಿ ಮಗಳ ಮನೆಯಲ್ಲಿದ್ದಷ್ಟು ದಿನವೂ ನಿನಗೆ ಸರಿಯಾಗಿ ಒಂದು ಥ್ಯಾಂಕ್ಸ್ ಹೇಳಲಾಗಲಿಲ್ಲ. ಬಾಯಿ ತೆರೆದರೆ ಸಾಕು, "ಇರ್ಲಿ ಬಿಡ್ರಿ ಆಂಟಿ" ಎಂದು ಪಕ್ಕದ ನಿಮ್ಮ ಮನೆಗೆ ಓಡುತ್ತಿದ್ದೆ. ಕಾಗದದಿಂದ ಹೇಗೆ ಓಡುತ್ತೀಯೋ ನೋಡೋಣ.

ಅವಳ ಮದುವೆಯ ವಿಷಯಕ್ಕೆ ಜಗಳವಾದ ಮೇಲೆ ಮೈತ್ರೇಯಿಗೂ ನನಗೂ ಮಾತಿರಲಿಲ್ಲ. ನಾನು ಅರೋರಾ ಊರಿನ ಮನೆ ಬಿಟ್ಟು ಇಲ್ಲಿಗೆ ಬಂದದ್ದೂ ಅವಳಿಗೆ ತಿಳಿಯದು. ದಿನ ತುಂಬಿದ ಬಸುರಿ ಎಂದು ಯಾರಿಂದಲೋ ನನ್ನ ಕಿವಿಗೆ ಬಿದ್ದಿತ್ತು. ನಿಮ್ಮ ಡೆಟ್ರಾಯ್ಟ್ ಕಡೆಯೆಲ್ಲ ಕರೆಂಟ್ ಹೋಗಿದೆಯೆಂದು ಟಿವಿಯಲ್ಲಿ ನೋಡಿದಾಗ ಊಟ ಸೇರಲಿಲ್ಲ. ಆದರೂ ಬಿಗುಮಾನ, ಫೋನ್ ಎತ್ತಲಿಲ್ಲ.

ಮಾರನೆಯ ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಅಮೆರಿಕನ್ ಅಜ್ಜ, ಹೆಸರು ವಾಲ್ಟರ್. ಹ್ಯಾಮ್ ರೇಡಿಯೋದಲ್ಲಿ ನನಗೆ ಸಂದೇಶವಂತೆ. ನನಗೋ ರೇಡಿಯೋ ಎಂದರೆ ಆಕಾಶವಾಣಿ! ಅವರೇ ಬಿಡಿಸಿ ಹೇಳಿದರು: ಹ್ಯಾಮ್ ಎಂದರೆ ನಿನ್ನಂತೆ, ಅವರಂತೆ ಮನೆಯಿಂದಲೇ ರೇಡಿಯೋದಲ್ಲಿ ಸಂದೇಶ ಕಳಿಸುವ ಹವ್ಯಾಸಿಗಳು, ಬೋರ್ಡ್ ಎಂದರೆ ಆ ಸಂದೇಶಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್. ಲೈಸೆನ್ಸ್ ಇರುವವರಾದರೆ ಅವರ ಸಂಕೇತ, ಅವರ ಬೋರ್ಡಿನ ಹೆಸರು ಬರೆದರಾಯಿತು, ಸಂದೇಶ ಬೋರ್ಡಿನಿಂದ ಬೋರ್ಡಿಗೆ ದಾಟುತ್ತ ಅವರಿಗೇ ಸೇರುತ್ತದೆ. ಎಲ್ಲರಿಗೂ ಎಂದು ಬರೆದರೆ ಎಲ್ಲ ಬೋರ್ಡಿಗೂ ಹರಡುತ್ತದೆ. ನನ್ನಂಥವಳಿಗೆ ನಮ್ಮ ಪಿನ್ ಕೋಡಿನಂಥ ಈ ಜಿಪ್ ಕೋಡೇ ಗತಿ. ಆ ಕಡೆಯ ಯಾರೋ ಹ್ಯಾಮ್ ಅದನ್ನು ಇಳಿಸಿಕೊಂಡು ಫೋನ್ ಮಾಡಿ ಓದಿಹೇಳಬೇಕು. ಮೈತ್ರೇಯಿ ನಿನಗೆ ಕೊಟ್ಟಿದ್ದು ಅರೋರಾದ ಜಿಪ್ ಕೋಡ್, ಹಳೆಯ ನಂಬರ್. ಫೋನ್ ಹತ್ತಲಿಲ್ಲವೆಂದು ಈ ಪುಣ್ಯಾತ್ಮ ಹಳೆಯ ಮನೆಗೆ ಹೋಗಿ, ಅಕ್ಕಪಕ್ಕ ವಿಚಾರಿಸಿ, ಇಲ್ಲಿಯವರೆಗೆ ಡ್ರೈವ್ ಮಾಡಿಕೊಂಡು ಬಂದಿದ್ದರು.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದೆಯಲ್ಲ ಮಾರಾಯ! ಅಜ್ಜ ತಡವರಿಸಿ ಓದಿದರು: ಅಮ್ಮಾ, ಹೆಣ್ಣುಮಗು. ಇಬ್ಬರೂ ಆರಾಮ. ಬಾ. ಕೆಳಗೆ ನಿನ್ನ ಹೆಸರು, ವಿಳಾಸ. ನಾನು ಹೊಸ್ತಿಲಲ್ಲೇ ಅತ್ತುಬಿಟ್ಟೆ. ಕೆಟ್ಟ ಸುದ್ದಿ ಓದಿದೆನೆಂದು ಹೆದರಿ ಅವರು ಸಾರಿ ಸಾರಿ ಎನ್ನುತ್ತಿದ್ದರು.

ಆಗಲೇ ಕಾರು ಹತ್ತಿದೆ. ಮೊಮ್ಮಗಳಿಗೆ ನನ್ನ ಕೈಯಾರೆ ಎಣ್ಣೆ ಹಚ್ಚಿ ಎರೆದೆ, ಬಾಣಂತಿಗೆ ಮೆಣಸಿನ ಸಾರು ಮಾಡಿ ಬಡಿಸಿದೆ. ಒಂದು ಸಂಜೆ ಮೈತ್ರೇಯಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನೀನು, ವಾಲ್ಟರ್ ಅಜ್ಜ, ನಡುವೆ ಸುದ್ದಿ ದಾಟಿಸಿದ ಮುಖ ಕಾಣದವರು, ಎಲ್ಲರೂ ತಣ್ಣಗಿರಿ.

ನಿನ್ನ ಋಣ ಮರೆಯದ,
ಶಾರದ ಆಂಟಿ

ತಾ.ಕ.: ನನ್ನನ್ನು ಕಂಡೊಡನೆ ಮೈತ್ರೇಯಿ ಕೇಳಿದ್ದು, "ಬಾ ಅಂತ ಯಾರು ಹೇಳಿದ್ರು ನಿಂಗೆ?" ಮಗುವಾಗಿದೆ, ಇಬ್ಬರೂ ಚೆನ್ನಾಗಿದ್ದೇವೆ ಎಂದಷ್ಟೇ ಅವಳು ನಿನಗೆ ಹೇಳಿದ್ದಂತೆ. ಯಾರೂ ಹೇಳಲಿಲ್ಲ, ನಾನಾಗಿಯೇ ಬಂದೆ ಎಂದೆ. ಆಗ ಅವಳು ಮಗುವನ್ನು ನನ್ನ ಕೈಗೆ ಕೊಟ್ಟಳು. ನೀನೂ ಬಾಯಿ ಬಿಡಬೇಡಪ್ಪ.