ಹುಚ್ಚಮ್ಮನ ಹುಣಸೆನೀರು, ತಮ್ಮ ಕಬ್ಬಿಣದ ಬ್ರಷ್ಷು

ಅಜ್ಜಂಪುರದ ಕಡೆಯಿಂದ, ೧೯೩೮

ಆಸ್ಪತ್ರೆಗಳ ತನಿಖೆಗೆಂದು ಮೋಟಾರಿನಲ್ಲಿ ಬಂದುಹೋಗುವ ಮಾನ್ಯ ಮೇಲಧಿಕಾರಿಗಳೇ,

ತಮ್ಮ ಆಜ್ಞೆಯಂತೆ ನಮ್ಮ ಆಸ್ಪತ್ರೆಯ ಆಯಾ ಹುಚ್ಚಮ್ಮನನ್ನು ಕಳೆದ ತಿಂಗಳು ಕೆಲಸದಿಂದ ತೆಗೆದರು. ಸರ್ಕಾರದ ಸ್ಟೇನ್‌ಲೆಸ್ ಉಕ್ಕಿನ ತಟ್ಟೆಗಳಿಗೆ ಹುಣಸೆಹಣ್ಣು ಹಚ್ಚಿ ತುಕ್ಕು ಹಿಡಿಸಿದಳಂತೆ. ಸ್ವಾಮಿ, ತುಕ್ಕು ಹಿಡಿಸಿದವರು ತಾವು. ಇದನ್ನೇ ವಿನಯವಾಗಿ ತಮ್ಮ ಕಚೇರಿಗೆ ಮೂರು ಸಲ ಬರೆದೆ, ಉತ್ತರವಿಲ್ಲ. ತಾವು ಪತ್ರಿಕೆಯನ್ನಾದರೂ ಓದುತ್ತೀರೆಂದು ಕೇಳಿ ಇಲ್ಲಿ ಬರೆಯುತ್ತಿದ್ದೇನೆ.

ಆ ತಟ್ಟೆಗಳು ಮೂರು ವರ್ಷದ ಹಿಂದೆ ವಿಲಾಯಿತಿಯಿಂದ ಬಂದವು. ತುಕ್ಕು ಹಿಡಿಯದ ಉಕ್ಕು ಎಂದು ಊರೇ ನೋಡಲು ಬಂತು. ಕಮ್ಮಾರ ಕಲ್ಲಪ್ಪ ಬೆರಳಲ್ಲಿ ತಟ್ಟಿ ನೋಡಿ, "ತುಕ್ಕು ಹಿಡೀದಿದ್ರೆ ಅದು ಕಬ್ಬಿಣವೇ ಅಲ್ಲ ಕಣ್ರೀ" ಎಂದು ತೀರ್ಪು ಕೊಟ್ಟುಹೋದ. ಯಗಟಿಯ ಹುಚ್ಚಮ್ಮ ಇಂಥ ತರ್ಕಕ್ಕೆ ಹೋಗಲಿಲ್ಲ. ಮನೆಯ ಹಿತ್ತಾಳೆ ಬಿಂದಿಗೆಗೆ ಮಾಡುತ್ತಿದ್ದುದನ್ನೇ ಇದಕ್ಕೂ ಮಾಡಿದಳು. ಉಪ್ಪು ಮಾತ್ರ ಸೋಕಿಸದೆ, ಬಿಸಿ ಹುಣಸೆನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಉಜ್ಜಿ, ಚೆನ್ನಾಗಿ ತೊಳೆದು, ಕುದಿಯುವ ನೀರಿಗೆ ಹಾಕುತ್ತಿದ್ದಳು. ಅಷ್ಟು ವರ್ಷ ತಟ್ಟೆಯ ಮೇಲೆ ಒಂದು ಚುಕ್ಕೆ ಕಾಣಲಿಲ್ಲ.

ಆಗ ತಾವು ದಯಮಾಡಿಸಿದಿರಿ. ಕಿಟಕಿಯಲ್ಲಿ ಹುಣಸೆ ಉಂಡೆ ಕಂಡು, ಇದು ಆಸ್ಪತ್ರೆಯೋ ಸಾರು ಕಾಸುವ ಮನೆಯೋ ಎಂದು ಕೇಳಿದಿರಿ. ಹದಿನೈದೇ ದಿನಕ್ಕೆ ಸುತ್ತೋಲೆ ಬಂತು, ಜೊತೆಗೆ ಆರು ಕಬ್ಬಿಣದ ತಂತಿ ಬ್ರಷ್ಷು. ಹುಣಸೆ ನಿಷಿದ್ಧ, ಬ್ರಷ್ಷು ಕಡ್ಡಾಯ. ಹುಚ್ಚಮ್ಮ ಗೊಣಗುತ್ತಲೇ ಉಜ್ಜಿದಳು. ಎರಡು ತಿಂಗಳಲ್ಲಿ ತಟ್ಟೆಗಳು ಕೆಮ್ಮಣ್ಣುಗುಂಡಿಯ ಮಣ್ಣಿನ ಬಣ್ಣಕ್ಕೆ ತಿರುಗಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚಿಕಿತ್ಸೆ ನಮ್ಮ ಇಲಾಖೆಯಲ್ಲಿ ಹಳೆಯದು. ಬ್ರಷ್ಷು ಉಳಿಯಿತು, ಹುಚ್ಚಮ್ಮ ಹೋದಳು.

ಆಕೆ ಹೋದ ಮೇಲೆ ನನಗೆ ಬುದ್ಧಿ ಬಂತು. ಕೆಂಪು ಹೋಗುವವರೆಗೆ ಬ್ರಷ್ಷಿನಲ್ಲಿ ಉಜ್ಜಿದ ಎರಡು ತಟ್ಟೆ ತೆಗೆದುಕೊಂಡು, ಒಂದನ್ನು ಬೆಳಗಿನಿಂದ ಸಂಜೆವರೆಗೆ ಹುಣಸೆನೀರಲ್ಲಿ ಇಟ್ಟು ತೊಳೆದೆ. ಎರಡಕ್ಕೂ ಒದ್ದೆ ಬಟ್ಟೆ ಸುತ್ತಿ ಮೂರು ದಿನ ಬಿಟ್ಟೆ. ಹುಣಸೆ ಕಂಡ ತಟ್ಟೆ ಬೆಳ್ಳಗಿತ್ತು, ಇನ್ನೊಂದರ ಮೈಯೆಲ್ಲ ಕೆಂಪು. ತುಕ್ಕು ಹಿಡಿದದ್ದು ಉಕ್ಕಿಗಲ್ಲ, ಬ್ರಷ್ಷಿನಿಂದ ಉದುರಿ ಅದರ ಮೈಗೆ ಅಂಟಿಕೊಂಡ ಕಬ್ಬಿಣದ ಪುಡಿಗೆ. ಹುಳಿ ಆ ಪುಡಿಯನ್ನು ತಿಂದುಹಾಕುತ್ತದೆ. ಆಮೇಲೆ ಉಕ್ಕು ಕಣ್ಣಿಗೆ ಕಾಣದ ಪೊರೆಯೊಂದನ್ನು ತಾನೇ ಕಟ್ಟಿಕೊಂಡು ತನ್ನನ್ನು ಕಾಯ್ದುಕೊಳ್ಳುತ್ತದೆ.

ಇದು ನನ್ನ ಪಾಂಡಿತ್ಯವೆಂದು ತಿಳಿಯಬೇಡಿ. ತಟ್ಟೆಗಳ ಪೆಟ್ಟಿಗೆಯಲ್ಲೇ ಒಂದು ಇಂಗ್ಲಿಷ್ ಕಾಗದ ಬಂದಿತ್ತು. ಕಬ್ಬಿಣದ ಬ್ರಷ್ಷು ಮುಟ್ಟಿಸಬೇಡಿ, ತುಕ್ಕು ಕಂಡರೆ ನೀರು ಬೆರೆಸಿದ ನೈಟ್ರಿಕ್ ಆಸಿಡ್ಡಿನಲ್ಲಿ ಅದ್ದಿ ತೊಳೆಯಿರಿ ಎಂದು ಅದರಲ್ಲಿ ಅಚ್ಚಾಗಿದೆ. ಆ ಕಾಗದ ಮೂರು ವರ್ಷ ನನ್ನ ಬೀರುವಿನಲ್ಲಿ, ಟಿಂಚರ್ ಸೀಸೆಗಳ ಅಡಿಯಲ್ಲಿ, ಹಲಗೆಗೆ ಕಲೆಯಾಗದಿರಲೆಂದು ನಾನೇ ಹಾಸಿದ್ದು, ಓದದೆ ಬಿದ್ದಿತ್ತು; ಈಗ ತೆಗೆದು ಓದಿದೆ. ತುಕ್ಕಿಗೆ ಕಾರಣ ಬರೆದುಕೊಡೆಂದು ಡಾಕ್ಟರು ಕೇಳಿದಾಗ, ಬ್ರಷ್ಷು ಬಂದ ಮೇಲೆಯೇ ತುಕ್ಕು ಬಂದದ್ದೆಂದು ಗೊತ್ತಿದ್ದರೂ ತಾವು ಕಳಿಸಿದ ಅದರ ಹೆಸರೆತ್ತಲು ಹೆದರಿ, 'ಹುಣಸೆಹಣ್ಣು' ಎಂದು ಬರೆದು ರುಜು ಹಾಕಿದವನೂ ನಾನೇ.

ಹನ್ನೊಂದು ವರ್ಷ ಈ ಊರಿನ ಹೆರಿಗೆಗಳಿಗೆ ನಿಂತ ಹೆಂಗಸು ಈಗ ಹಿರೇನಲ್ಲೂರಿನಲ್ಲಿ ಕಾಯಿ ಸುಲಿಯುವ ಕೂಲಿಗೆ ಹೋಗುತ್ತಾಳೆ. ಹೊರಡುವ ದಿನ ನನ್ನನ್ನು ಬೈಯಲಿಲ್ಲ. "ನಿಮ್ಗೆ ಗೊತ್ತಿತ್ತಲ್ಲ ಸ್ವಾಮಿ, ಒಂದ್ಮಾತು ಹೇಳ್ಬೋದಿತ್ತು" ಎಂದಳು. ಅವತ್ತಿನಿಂದ ಆ ತಟ್ಟೆಗಳನ್ನು ಮುಟ್ಟಲು ನನಗೆ ನಾಚಿಕೆಯಾಗುತ್ತದೆ.

ಹುಚ್ಚಮ್ಮನನ್ನು ಮತ್ತೆ ಕೆಲಸಕ್ಕೆ ಕರೆಯಿರಿ. ತಪ್ಪು ಬ್ರಷ್ಷಿನದೆಂದು ಅದೇ ಫೈಲಿನಲ್ಲಿ ಬರೆಯಿರಿ. ಆರೂ ಬ್ರಷ್ಷುಗಳನ್ನು ಟಪಾಲಿನಲ್ಲಿ ಕಳಿಸಿದ್ದೇನೆ, ತಮ್ಮ ಕಚೇರಿಯ ಗೇಟಿನ ತುಕ್ಕು ಕೆರೆಯಲು ಬೇಕಾದಾವು. ತುಕ್ಕಿಗೆ ಯಾರನ್ನಾದರೂ ಕೆಲಸದಿಂದ ತೆಗೆಯಲೇಬೇಕೆಂದು ನಿಯಮವಿದ್ದರೆ, ಸುಳ್ಳಿಗೆ ರುಜು ಹಾಕಿದವನ ವಿಳಾಸ ತಮ್ಮಲ್ಲಿದೆ.

ಇಂತಿ,
ಇಂಗ್ಲಿಷ್ ಬಂದೂ ಓದದೆ, ಬಾಯಿದ್ದೂ ಆಡದೆ ಉಳಿದ
ಕಾಂಪೌಂಡರ್ ಗುಂಡಣ್ಣ