ಹಸಿರು ಓಲೆಯ ಮೂರು ಕರುಗಳು

ಬ್ಲೂಮ್‌ಫೀಲ್ಡ್, ಅಯೋವಾ
ನವೆಂಬರ್ 9, ಶನಿವಾರ

ಪ್ರೀತಿಯ ಮೆಹ್ಲನ್ ಅಣ್ಣಾ,

ಅಕ್ಷರ ಸೊಟ್ಟಗಿದೆ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸು. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಛಾವಣಿ ಕೆಲಸದಲ್ಲಿ ಹುಷಾರಾಗಿರು. ಅಮ್ಮ ಚೆನ್ನಾಗಿದ್ದಾಳೆ.

ಗುರುವಾರ ನನ್ನ ಇಪ್ಪತ್ತೆರಡು ಕರುಗಳು ಹರಾಜಿಗೆ ಹೋದವು. ತಾಯಿ ಹಾಲು ಬಿಡಿಸಿದ ಮೇಲೆ ನಲವತ್ತೈದು ದಿನ, ಎರಡು ಸಲ ಲಸಿಕೆ ಹಾಕಿಸಿ ಸಾಕಿದ್ದೆ. ಆಮೇಲೇ ಡಾಕ್ಟರ್ ಹೋಲ್ಟ್ ಆರೋಗ್ಯಪತ್ರಕ್ಕೆ ಸಹಿ ಮಾಡಿ, ಅದರ ಗುರುತಾಗಿ ಅವುಗಳ ಕಿವಿಗೆ ಹಸಿರು ಓಲೆ ಹಾಕಿದ್ದು. ಮಿಕ್ಕ ಓಲೆಗಳನ್ನು ನಮ್ಮ ಕೊಟ್ಟಿಗೆಯಲ್ಲೇ ಬಿಟ್ಟಿದ್ದರು. "ನಿಮ್ಮನೇಲಿದ್ರೆ ನನ್ ಜೇಬಲ್ಲಿದ್ದಂಗೆ ಕಣಮ್ಮ" ಅಂದಿದ್ದರು.

ಹರಾಜಿನ ದೊಡ್ಡಿಯಲ್ಲಿ ಎಣಿಸಿದರೆ ಇಪ್ಪತ್ತೈದು! ಅದರಲ್ಲಿ ಮೂರು ಕರುಗಳು ತಾಯಿಗಾಗಿ ಅರಚುತ್ತಿದ್ದವು. ಅವುಗಳ ಕಿವಿಯ ಹಸಿರು ಓಲೆಯ ಸುತ್ತ ರಕ್ತ ಇನ್ನೂ ಒಣಗಿರಲಿಲ್ಲ. ಲಾರಿಯವನು ತಲೆ ಕೆರೆದುಕೊಂಡು, "ನಿಮ್ಮಣ್ಣ ಬೆಳಿಗ್ಗೆ ಇಲಿನಾಯ್‌ಗೆ ಹೊರಡೋ ಮುಂಚೆ ತಮ್ಮ ಮೂರು ಕರುನೂ ಹತ್ತಿಸಿದ್ರು. 'ಅವಳಿಗೆ ಹೇಳ್ಬೇಡ, ಸುಮ್ನೆ ಗಾಬ್ರಿ ಬೀಳ್ತಾಳೆ' ಅಂದ್ರು" ಎಂದ. ಗಾಬರಿಯಂತೆ!

ಹರಾಜು ಕೂಗುವವನು, "ಎಲ್ಲಾ ಲಸಿಕೆ ಆಗಿರೋವೇ ತಾನೆ, ತಾಯಿ?" ಎಂದು ಕೇಳಿದ. ನಮ್ಮ ಪಂಥದವರು ಆಣೆ ಇಡುವುದಿಲ್ಲ, ಅದಕ್ಕೇ ನಮ್ಮ ಒಂದು 'ಹೌದು' ಅಲ್ಲಿ ಆಣೆಗಿಂತ ಹೆಚ್ಚು. ಪ್ರಾರ್ಥನೆಯಲ್ಲೂ ಗಟ್ಟಿಯಾಗಿ ಹಾಡದ ನಾನು ಅಷ್ಟು ಗಂಡಸರ ಮುಂದೆ ಎದ್ದು ನಿಂತು, "ಇಲ್ಲ, ಮೂರಕ್ಕೆ ಆಗಿಲ್ಲ" ಎಂದೆ. ಹಿಂದಿನಿಂದ ಯಾರೋ, "ಯಾವ ಮೂರು ಅಂತ ಕೇಳ್ಬೇಕಾ? ಅವೇ ಅಮ್ಮಾ ಅಂತ ಹೇಳ್ತಾ ಇದಾವಲ್ಲ!" ಎಂದ. ಎಲ್ಲರೂ ನಕ್ಕರು.

ಒಂದೇ ಲಾರಿಯಲ್ಲಿ ಮೂಗಿಗೆ ಮೂಗು ತಾಗಿಸಿಕೊಂಡು ಬಂದ ಕರುಗಳು. ಒಂದು ಕೆಮ್ಮಿದರೆ ಕೊಂಡವನ ಇನ್ನೂರು ಕರುಗಳೂ ಕಾಯಿಲೆ ಬಿದ್ದು ಮಲಗುತ್ತವೆ. ಆರೋಗ್ಯಪತ್ರವಿಲ್ಲದ ದನದಂತೆ ಇಪ್ಪತ್ತೈದೂ ಬಿಕರಿಯಾದವು; ಪೌಂಡಿಗೆ ಮೂವತ್ತು ಸೆಂಟು ಇಳಿಯಿತು. ಅದು ಹೋಗಲಿ. ನಿನ್ನೆ ಡಾಕ್ಟರ್ ಬಂದು ಓಲೆಯ ಡಬ್ಬ ಎತ್ತಿಕೊಂಡರು. "ಮುಂದಿನ್ ವರ್ಷ ನಾನೇ ತರ್ತೀನಮ್ಮ" ಅಂದರು, ಅಷ್ಟೇ. ಕಾಫಿ ಕುಡಿಯಲಿಲ್ಲ. ಬೈದಿದ್ದರೆ ಸಹಿಸುತ್ತಿದ್ದೆ. ಅಪ್ಪ ಹೋದ ಮೇಲೆ, ಹುಡುಗಿ ಸಾಕಿದ ಕರು ಎಂದು ಮೂಗು ಮುರಿದವರು ನನ್ನ ಓಲೆ ನೋಡಿ ಬೆಲೆ ಕೂಗಲು ಮೂರು ವರ್ಷ ಹಿಡಿಯಿತು. ನಿನಗೆ ಒಂದು ಬೆಳಿಗ್ಗೆ ಸಾಕಾಯಿತು.

ದೇವರು ನಿನ್ನನ್ನು ಕಾಯಲಿ, ತಿದ್ದಲಿ ಕೂಡ.

ನಿನ್ನ ತಂಗಿ
ಲವೀನಾ

ಮರೆತಿದ್ದೆ: ಆ ಮೂರಕ್ಕೆ ಓಲೆ ಚುಚ್ಚಿದ್ದು ನಾನೇ ಎಂದುಕೊಂಡಿದ್ದಾರೆ ಎಲ್ಲರೂ. ನಿನ್ನ ಹೆಸರು ನಾನು ಹೇಳಿಲ್ಲ, ಲಾರಿಯವನಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿದ್ದೇನೆ. ಮುಂದಿನ ಗುರುವಾರ ಬಂದು, ನಾನು ನಿಂತ ಜಾಗದಲ್ಲೇ ನಿಂತು ನೀನೇ ಹೇಳು. ಅಲ್ಲಿಯವರೆಗೆ ನಿನ್ನ ದನ ನನ್ನ ಅಂಗಳಕ್ಕೆ ಬರುವುದು ಬೇಡ. ಈ ಬೆಳಿಗ್ಗೆ ನಿನ್ನ ಎಂಟು ಹಸುಗಳನ್ನೂ ಚಿಕ್ಕಪ್ಪನ ಹೊಲಕ್ಕೆ ಹೊಡೆದು, ನಡುವಿನ ಗೇಟಿಗೆ ತಂತಿ ಸುತ್ತಿ ಬಂದೆ.